ಹನ್ನೆರಡೂವರೆಯಿಂದ ಮೂರು

ಶಾರ್ಜಾದಲ್ಲಿ ಜುಲೈ. ಹೊರಗೆ ನಲವತ್ತೇಳು,
ನೆಲಮಾಳಿಗೆಯ ನನ್ನ ಕೋಣೆಯಲ್ಲಿ ಇಪ್ಪತ್ತೆರಡು.
ಕೂದಲಿನ ಎಂಟನೇ ಒಂದು ಪಾಲಿನಷ್ಟು ಪ್ಲಾಟಿನಂ ತಂತಿ
ಗಾಜಿನೊಳಗೆ ಬೆಸೆದು, ತುದಿಯನ್ನು ಕನ್ನಡಿಯಾಗುವ ತನಕ ಮಸೆದು
ಇಳಿಸುತ್ತಿದ್ದೇನೆ, ಒಂದೊಂದೇ ಮೈಕ್ರಾನು.

ಸೂಕ್ಷ್ಮದರ್ಶಕ ಅಂತ ಹೆಸರಷ್ಟೇ.
ಈ ಸೂಜಿಗೆ ಕಣ್ಣಿಲ್ಲ.
ದ್ರಾವಣದೊಳಗಿನ ಕರೆಂಟನ್ನೇ ನೆಚ್ಚಿ
ನೆಲ ಎಷ್ಟು ದೂರ ಎಂದು ಊಹಿಸುತ್ತ ಇಳಿಯುತ್ತದೆ:
ಹತ್ತಿರವಾದಂತೆ ಕರೆಂಟು ಕುಗ್ಗಿದರೆ ಕೆಳಗೆ ಬರಿ ಗಾಜು,
ಹಿಗ್ಗಿದರೆ ಲೋಹ.
ಮುಟ್ಟಿತೋ, ಮುಗಿಯಿತು.
ಎರಡು ದಿನದ ಮಸೆತ ಚೂರು ಚೂರು.

ಮುಟ್ಟಿಸಿದ್ದು ನಾನಲ್ಲ, ಎದುರಿನ ಸೈಟು.
ಅಲ್ಲಿ ಪೈಲಿಂಗ್ ಯಂತ್ರ ಧಡ್ ಎಂದರೆ
ರಸ್ತೆ ದಾಟಿ, ಗ್ರಾನೈಟ್ ಮೇಜು ದಾಟಿ,
ಮೇಜಿನಡಿಯ ದುಬಾರಿ ಗಾಳಿದಿಂಬುಗಳನ್ನೂ ದಾಟಿ
ಬಂದು ಕುಟ್ಟುತ್ತದೆ ಸೂಜಿಯ ನೆತ್ತಿಗೆ.
ಮೂರು ಸೂಜಿ ಹೋದವು. ಎರಡು ಸಲ ದೂರು ಬರೆದೆ.
ಡಾಕ್ಟರ್ ಖುಲೂದ್ ಓದಿ, ಕನ್ನಡಕ ತೆಗೆದು, ಹೇಳಿದರು:
"ಮಧ್ಯಾಹ್ನ ಕೂತು ಅಳೆ. ಹನ್ನೆರಡೂವರೆಯಿಂದ ಮೂರು
ಅವರನ್ನು ಬಿಸಿಲಲ್ಲಿ ದುಡಿಸುವಂತಿಲ್ಲ. ಕಾನೂನು."

ಹಾಗೆ ಸಿಕ್ಕಿದ್ದು ನನಗೆ ನಿಶ್ಶಬ್ದ.
ಇನ್ನೊಬ್ಬರು ಅಡ್ಡಾಗುವ ಎರಡೂವರೆ ತಾಸು.

ಗಾಜಿನ ಮೇಲೆ ಅರವತ್ತನಾಲ್ಕು ಚುಕ್ಕೆ ಇಟ್ಟಿದ್ದೆ.
ಸಿಗಡಿ ಚಿಪ್ಪಿನಿಂದ ತೆಗೆದ ಅಂಟು, ಅಂಟಿನೊಳಗೆ ಕಿಣ್ವ.
ಬೆವರಿನ ಲ್ಯಾಕ್ಟೇಟ್ ಸಿಕ್ಕರೆ ಜಗಿದು
ಪೆರಾಕ್ಸೈಡ್ ಉಗುಳುತ್ತದೆ; ಆ ಉಗುಳೇ ಸೂಜಿಗೆ ಸುದ್ದಿ.
ಪರದೆಯ ಮೇಲೆ ನಕ್ಷೆ, ಗೆರೆಗೆ ಗೆರೆ ಸೇರಿ, ನಿಧಾನ:
ಕಿಣ್ವ ಬದುಕಿದಲ್ಲಿ ಹಳದಿ, ಸತ್ತಲ್ಲಿ ನೀಲಿ.
ಚುಕ್ಕೆಗಳೆಲ್ಲ ಉಂಗುರವಾಗಿದ್ದವು.
ಒಣಗುವಾಗ ಎಲ್ಲವೂ ಅಂಚಿಗೆ ಓಡಿ
ನಡು ಖಾಲಿ.
ಈ ಆಕಾರ ಎಲ್ಲೋ ಕಂಡಿದ್ದೇನಲ್ಲ?
ಚಹಾಕ್ಕೆಂದು ಮೇಲೆ ಬಂದಾಗ ಹೊಳೆಯಿತು:
ಗೇಟಿನ ನೆರಳಲ್ಲಿ ಬೆನ್ನು ಮಾಡಿ ಮಲಗಿದವನ ನೀಲಿ ಅಂಗಿ,
ಅಂಗಿಯ ಮೇಲೆ ಉಪ್ಪಿನ ಬಿಳಿ ಅಂಚು,
ನಿನ್ನೆಯದರೊಳಗೆ ಇವತ್ತಿನದು.

ಫೋನಿನಲ್ಲಿ ನಾನು ಅಕ್ಕನನ್ನು ಬೈಯುತ್ತಿದ್ದುದು ಕೇಳಿ ಎದ್ದ.
"ಕನ್ನಡದೋರೇನ್ರಿ? ನಾ ಆಳಂದದಾವ, ಲಾಡ್ಲೇಸಾಬ."
ಒಳಗೆ ಕರೆದು ತೋರಿಸಿದೆ. ಸೂಜಿ ಅವನಿಗೆ ಕಾಣಲಿಲ್ಲ,
ನನಗೂ ಕಾಣುವುದಿಲ್ಲ ಎಂದಾಗ ನಕ್ಕ.
"ನಿಮ್ದು ಮುಟ್ಟಬಾರ್ದು.
ನಮ್ದು ಕಲ್ಲು ಮುಟ್ಟೋತನಕ ಬಿಡಬಾರ್ದು.
ತೆಳಗ ಏನದ ಅಂಬೋದು ಇಬ್ಬರಿಗೂ ಗೊತ್ತಿಲ್ಲ ನೋಡ್ರಿ."

ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದೆ.
'ಯಾವಾಗ ಬೇಕಾದರೂ ಹಿಂದೆ ಸರಿಯಬಹುದು' ಎಂಬಲ್ಲಿ
ಇನ್ನೊಮ್ಮೆ ಓದಿಸಿದ.
ಮುಂಗೈಗೆ ಪಟ್ಟಿ ಅಂಟಿಸಿಕೊಂಡು ಮಾರನೆಯ ಬೆಳಗು ಕೆಲಸಕ್ಕೆ ಹೋದ,
ಮಧ್ಯಾಹ್ನ ಬಂದು ಕೈ ಚಾಚಿದ.

ನನ್ನ ಅಳತೆಗೆರೆ ಎಳೆದದ್ದು ವಿಶ್ವವಿದ್ಯಾಲಯದ ಜಿಮ್ಮಿನಲ್ಲಿ.
ಹನ್ನೆರಡು ಹುಡುಗರು, ನಿಂತಲ್ಲೇ ನಿಂತ ಸೈಕಲ್ಲು,
ಎದುರಿಗೆ ಏಸಿ, ಪಕ್ಕದಲ್ಲಿ ಕಿತ್ತಳೆ ರಸ.
ಲಾಡ್ಲೇಸಾಬನ ಅಂಕೆ ಆ ಗೆರೆಯ ಮೇಲೆ ಎಲ್ಲೂ ಇಲ್ಲ.
ಗೆರೆ ಮುಗಿದ ಮೇಲೂ ಅದು ಮೇಲಕ್ಕೆ,
ಹಾಳೆಯ ಹೊರಗೆ, ಎಲ್ಲೋ ನಿಂತಿದೆ.

"ಜಾಸ್ತೀನೊ ಕಡಿಮೀನೊ?"

ಜಾಸ್ತಿ ಎಂದೆ. ಎಷ್ಟು ಜಾಸ್ತಿ
ಎನ್ನಲು ನನ್ನ ಹತ್ತಿರ ಮಾತೂ ಇರಲಿಲ್ಲ, ಅಂಕೆಯೂ.
ಸೋಡಿಯಂ ಲ್ಯಾಕ್ಟೇಟ್ ಡಬ್ಬಿ ತೆರೆದು
ಹೊಸ ದ್ರಾವಣ ಕಲಸತೊಡಗಿದೆ, ಮೊದಲಿನದಕ್ಕೆ ಮೂರು ಪಟ್ಟು ಗಟ್ಟಿ.
ಅವನು ಪಟ್ಟಿ ಕಿತ್ತ ಜಾಗ ಕೆರೆದುಕೊಂಡು
ಬಾಗಿಲ ಬಳಿ ಬಿಟ್ಟಿದ್ದ ಹೆಲ್ಮೆಟ್ ಹುಡುಕಿದ.

ಮೂರು ಗಂಟೆ. ಧಡ್.
ನಕ್ಷೆಯ ಕೊನೆಯ ಗೆರೆಗಳು ಗರಗಸದಂತೆ.
ಕತ್ತರಿಸಿ ಬಿಡು, ಎಂದರು ಡಾಕ್ಟರ್.
ಸೂಜಿಯನ್ನು ನೂರು ಮೈಕ್ರಾನ್ ಮೇಲೆತ್ತಿ,
ಹಲ್ಲುಹಲ್ಲಾದ ಆ ಗೆರೆಗಳ ಸಮೇತ ಉಳಿಸಿಕೊಂಡೆ.