ಛಾವಣಿಯ ಕುದುರೆ

ಪುಂತಾ ಅರೇನಾಸಿನಲ್ಲಿ ಗಾಳಿ ಎದ್ದ ದಿನ
ಬೀದಿಯ ಮೂಲೆಮೂಲೆಗೆ ಹಗ್ಗ ಕಟ್ಟುತ್ತಾರಂತೆ,
ಹಿಡಿದುಕೊಂಡು ದಾಟಲಿ ಜನ ಎಂದು.
ನಾನು ನೋಡಿಲ್ಲ.
ಬಹಳ ಉತ್ತರಕ್ಕೆ, ವಾಲ್ದಿವಿಯಾದ ಮೂರನೇ ಮಹಡಿಯಲ್ಲಿ
ಇಸ್ತ್ರಿ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು
ಮಂಗಳವಾರ ಮಂಗಳವಾರ ನಾನು ಕಾಣುವುದು
ಆ ಊರಿನ ಒಂದೇ ಒಂದು ಛಾವಣಿ.

ಮಿಲ್ಯಾರಾಯ್ ಒಯಾರ್ಸೊ, ಹದಿನೈದು.
ಮಾರ್ಚ್‌ನಿಂದ ಶಾಲೆಗೆ ಹೋಗಿಲ್ಲ.
ಫೋನನ್ನು ಹಾಸಿಗೆಯ ಮೇಲೆ ಅಂಗಾತ ಮಲಗಿಸಿ
ತಾನು ಅದರ ಪಕ್ಕ ಎಲ್ಲೋ.
ಉಸಿರು ಕೇಳುತ್ತದೆ. ಹೀಟರಿನ ಟಿಕ್ ಟಿಕ್.
ತಗಡಿನ ಮೇಲೆ ಗಾಳಿ.

ಮೊದಲ ವಾರ ಕೇಳಿದೆ: ಹೇಗಿದ್ದೀಯ?
ಛಾವಣಿ ಸುಮ್ಮನಿತ್ತು.
ಎರಡನೆಯ ವಾರ: ನಿದ್ದೆ? ಊಟ?
ಛಾವಣಿ ಸುಮ್ಮನಿತ್ತು.
ಮೂರನೆಯ ವಾರ, ನಾಚಿಕೆ ಬಿಟ್ಟು ಹೇಳುತ್ತೇನೆ,
ಬೇರೇನೂ ತೋಚದೆ ಕೇಳಿದ್ದು:
ಬಲ್ಬಿನ ಪಕ್ಕದ ಆ ಒದ್ದೆ ಕಲೆ
ಯಾವುದರ ಹಾಗಿದೆ ನಿನ್ನ ಕಣ್ಣಿಗೆ?
ಬಹಳ ಹೊತ್ತಿನ ಮೇಲೆ
ನೆಗಡಿ ಹಿಡಿದ ದನಿಯೊಂದು:
"ಹಲ್ಲುಜ್ಜದ ಕುದುರೆ."

ಕುದುರೆಯ ಬಾಲ ಹಿಡಿದೇ ಹೊರಟೆವು.
ಅದಕ್ಕೆ ಶಾಲೆ ಅಂದರೆ ಆಗದು.
ರಾತ್ರಿ ಮೂರಕ್ಕೆ ಎಚ್ಚರ.
ಅದು ಹತ್ತಿರ ಬಂದರೆ ಹುಡುಗಿಯರು
ಮೂಗು ಮುಚ್ಚಿಕೊಂಡು ನಗುತ್ತಾರೆ.
ಒಂದು ಮಂಗಳವಾರ ಅದು ಯಾರಿಗೂ ಬೇಡವಾಗಿತ್ತು.
ಆ ದಿನ ಸುತ್ತುಬಳಸಲಿಲ್ಲ:
ಸಾಯಬೇಕು ಅನ್ನಿಸುತ್ತದಾ? ಕುದುರೆಗಲ್ಲ, ನಿನಗೆ.
ಟಿಕ್ ಟಿಕ್. ತಗಡು.
"ಒಮ್ಮೊಮ್ಮೆ."
ಹೇಳಿದೆಯಲ್ಲ, ಒಳ್ಳೆಯದಾಯಿತು ಎಂದೆ.
ಅಮ್ಮನನ್ನು ಕರೆಯೋಣವೇ ಎಂದೆ.
ಆಸ್ಪತ್ರೆಯ ಬಟ್ಟೆ ಒಗೆಯುವ ಪಾಳಿ ಮುಗಿಸಿ
ಇನ್ನೂ ಚಪ್ಪಲಿ ಬಿಚ್ಚದ ಅಮ್ಮ
ಬಂದು ಹಾಸಿಗೆಯಂಚಿಗೆ ಕುಳಿತಳು.
ಕುಳಿತ ಭಾರಕ್ಕೆ ಛಾವಣಿ ಇಡಿಯಾಗಿ
ಅವಳ ಕಡೆಗೆ ವಾಲಿತು.

ಅಪ್ಪ ಎವರಿಸ್ತೊ ಬೇರೆ ದಿನ ಸಿಕ್ಕ,
ಬಂದರಿನಲ್ಲಿ ನಿಲ್ಲಿಸಿದ ಪಿಕಪ್ಪಿನೊಳಗಿಂದ.
ಏಡಿ ದೋಣಿಗಳ ಎಂಜಿನ್ ರಿಪೇರಿಯವನು.
"ಎಂಜಿನ್ ಬಿಚ್ಚಿ ಕಟ್ಟಲು ನನಗೆ ನಾಲ್ಕು ದಿನ.
ಇವಳಿಗೆ ಎಷ್ಟು ಬೇಕು, ಹೇಳಿ.
ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುತ್ತಿದ್ದೇವಾ ನಾವು?"
ಗೊತ್ತಿಲ್ಲ ಅಂದೆ. ನಿಜಕ್ಕೂ ಗೊತ್ತಿರಲಿಲ್ಲ.
ಅವನು ಮಳೆಯಿಲ್ಲದ ಗಾಜಿನ ಮೇಲೆ ವೈಪರ್ ಹಾಕಿದ.
"ನನ್ನಪ್ಪನೂ ಹೀಗೇ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ.
ನಾವು ಸೋಮಾರಿ ಅಂತಿದ್ದೆವು."
ವೈಪರ್ ಬರಗಾಜು ಕೆರೆಯುತ್ತಲೇ ಇತ್ತು,
ಆರಿಸುವುದು ಇಬ್ಬರಿಗೂ ನೆನಪಾಗಲಿಲ್ಲ.

ಆಗಸ್ಟಿನಲ್ಲೊಮ್ಮೆ ಬಿರುಗಾಳಿಗೆ ಸಂಪರ್ಕ ಕಡಿಯಿತು.
ಕಪ್ಪು ಪರದೆಯಲ್ಲಿ ನನ್ನದೇ ಮುಖ, ಗದ್ದ ಜೋತದ್ದು.
ಇಲ್ಲೇ ಇದ್ದೇನೆ, ಎಂದು ಬರೆದಿಟ್ಟೆ.
ಮುಂದಿನವರು ಆರಕ್ಕೆ; ಅಲ್ಲಿಯವರೆಗೆ ಏಳುವಂತಿಲ್ಲ.
ಚಹಾ ಆರಿತು. ಪಕ್ಕದ ಕೋಣೆಯಲ್ಲಿ ನನ್ನ ಮಗ
ಬಾಗಿಲು ಹಾಕಿದ ಸದ್ದು.
ಹದಿನೇಳು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ;
ಮಲಗಿ ನೋಡಿದರೆ ಅವನ ಛಾವಣಿಯಲ್ಲಿ ಏನಿದೆ,
ನನಗೆ ಗೊತ್ತಿಲ್ಲ.

ನಲವತ್ತೇಳನೆಯ ನಿಮಿಷಕ್ಕೆ ಬಂದಳು.
"ಹೋಗಿರ್ತೀರಿ ಅಂದುಕೊಂಡೆ."
ಗಾಳಿಗೆ ಹಗ್ಗ ಕಟ್ಟಿದ್ದಾರಾ, ಕೇಳಿದೆ ಪೆದ್ದಿಯ ಹಾಗೆ.
"ಕಟ್ಟಿದ್ದಾರೆ. ಹಿಡಿದರೆ ಅಂಗೈ ತರಚುತ್ತೆ.
ನೀವು ಹಿಡಿದಿಲ್ಲ ಅನ್ಸುತ್ತೆ."
ಹಾಗಾದರೆ ಹೊರಗೆ ಹೋಗಿದ್ದಾಳೆ.
ನಾನು ಏನೂ ಹೇಳಲಿಲ್ಲ, ಉಸಿರು ಬಿಗಿಹಿಡಿದೆ.
"ಅದಿರಲಿ, ಇದು ನೋಡಿ," ಎಂದಳು, ಸಿಟ್ಟಿನಲ್ಲಿ,
"ಭಾನುವಾರ ಅಪ್ಪ ಏಣಿ ತಂದು
ನನ್ನ ಕುದುರೆಗೆ ಬಣ್ಣ ಬಳಿದುಬಿಟ್ಟ!
ಪಾಪ, ಕಲೆ ಅಂತ. ಚೊಕ್ಕ ಆಗಲಿ ಅಂತ."

ಛಾವಣಿ ಹಾಲು ಚೆಲ್ಲಿದಷ್ಟು ಬೆಳ್ಳಗಿತ್ತು.
ನೋಡಲು ಅಲ್ಲಿ ಏನೂ ಉಳಿದಿರಲಿಲ್ಲ.
ಫೋನು ಅಲುಗಿತು, ಏನೋ ತಡಕಿತು,
ದಿಂಬು, ಕಿಟಕಿ, ಎಣ್ಣೆಗಟ್ಟಿದ ಕೂದಲು,
ಕೊನೆಗೆ ಪರದೆಯ ಒಂದು ಮೂಲೆಯಲ್ಲಿ
ಕೆಂಪಗೆ, ಚಳಿಗೆ ಒಡೆದ
ಒಂದು ಕಿವಿ.