ದಾರಿ ಬಲ್ಲೆನೆಂದು ಸಹಿ

"ಸ್ಟೀರಿಂಗೇ ಇಲ್ಲವಂತೆ,
ಮತ್ತೆ ಅದೆಂಥ ಡ್ರೈವಿಂಗ್ ಮಾರಾಯ್ತಿ?"
ಬಂಗುಡೆಯ ಮುಳ್ಳು ಬಿಡಿಸುತ್ತ ಅಪ್ಪ ಕೇಳಿದರು.
ಮೂವತ್ತೊಂದು ವರ್ಷ ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸು,
ಎರಡು ನಿಮಿಷದ ಟೈಮಿಂಗಿಗೆ ಮೂಲ್ಕಿಯಲ್ಲಿ ಜಗಳ,
ಪಡುಬಿದ್ರಿಯಲ್ಲಿ ರಾಜಿ.
ಹಾರ್ನು ಒತ್ತಿ ಒತ್ತಿ
ಹೆಬ್ಬೆರಳ ಬುಡ ಜಡ್ಡುಗಟ್ಟಿದೆ.

ನಾನು ಅನ್ನದ ಮೇಲೆ ಎರಡು ಗೆರೆ ಎಳೆದೆ:
ತಿರುಗಿಸುವುದು ಹಳಿಯ ಕೆಲಸ,
ನಮ್ಮದು ನಿಲ್ಲಿಸುವುದು.
"ನಿಲ್ಲಿಸಲಿಕ್ಕೆ ಇಷ್ಟು ತಿಂಗಳ ಟ್ರೇನಿಂಗಾ?"
ಅಮ್ಮ ನಕ್ಕಳು.
ಸಾರು ಗೆರೆ ಹಿಡಿದೇ ಹರಿದುಹೋಯಿತು.

ಹೇಳಲಿಲ್ಲ ನಾನು:
ಐವತ್ತೆಂಟು ವ್ಯಾಗನ್ ಕಲ್ಲಿದ್ದಲು
ಬ್ರೇಕು ಹಾಕಿದ ಮೇಲೂ ಒಂದು ಕಿಲೋಮೀಟರು
ತನ್ನ ಪಾಡಿಗೆ ಯೋಚಿಸುತ್ತ ಬರುತ್ತದೆ,
ಆಮೇಲೆ ಒಪ್ಪುತ್ತದೆ.

ರೆಬೆಲ್ಲೊ ಸರ್ ಮಾತು ಕಡಿಮೆ.
ಸಿಗ್ನಲ್ ಕಂಡೊಡನೆ ನಾನು ಕೈ ಚಾಚಿ ಕೂಗಬೇಕು,
"ಡಿಸ್ಟೆಂಟ್, ಎರಡು ಹಳದಿ!"
ಅವರೂ ಕೂಗುತ್ತಾರೆ, "ಎರಡು ಹಳದಿ!"
ಪಕ್ಕದಲ್ಲೇ ಕೂತವರಿಗೆ ಇಷ್ಟು ಜೋರು ಯಾಕೆಂದು
ಮೊದಲ ವಾರ ನಾಚಿಕೊಂಡು ಮೆಲ್ಲ ಹೇಳಿದೆ.
"ಹರಿಣಾಕ್ಷಿ, ಇದು ಗುಟ್ಟಲ್ಲ."
ಕಣ್ಣು ಕಂಡದ್ದನ್ನು ಬಾಯಿ ಒಪ್ಪಬೇಕು,
ಬಾಯಿ ಆಡಿದ್ದನ್ನು ಇನ್ನೊಬ್ಬರ ಕಿವಿ.
ನಮ್ಮ ಮನೆಯಲ್ಲಿ ಹೀಗೆ ಮಾತಾಡಿ ಗೊತ್ತಿಲ್ಲ.

ದಾರಿ ಕಲಿಯಲು ಮೂರು ಟ್ರಿಪ್ಪು, ಒಂದು ರಾತ್ರಿಯದು.
ಸುರತ್ಕಲ್ ಲೂಪಿನಲ್ಲಿ ಎರಡು ತಾಸು ಕಾದು ಹೊರಟೆವು.
"ಕಣ್ಣು ಸಿಗ್ನಲಿಗೆ. ದಾರಿಯನ್ನು ಕಿವಿಗೆ ಬಿಡು."
ಶಾಂಭವಿಯ ಮೇಲೆ ಚಕ್ರದ ಸದ್ದು ಟೊಳ್ಳಾಗುತ್ತದೆ,
ನಂದಿಕೂರಿನ ಬಳಿ ಕಾದ ಬೂದಿಯ ವಾಸನೆ.
ಇನ್ನಂಜೆಗೆ ಬಂದಾಗ
ತಲೆಗೆ ಟಾರ್ಚು ಕಟ್ಟಿಕೊಂಡ ಹೆಂಗಸರು
ಮಲ್ಲಿಗೆ ಮೊಗ್ಗು ಕೊಯ್ಯುತ್ತಿದ್ದರು.
ಒಂದು ಟಾರ್ಚು ತಲೆಯೆತ್ತಿ ನಮ್ಮ ಕಡೆ ನೋಡಿತು.
ನಾನು ಕೈ ಚಾಚಿ ಅದನ್ನೂ ಕೂಗಿಬಿಟ್ಟೆ.
ರೆಬೆಲ್ಲೊ ಸರ್ ಮರುನುಡಿಯಲಿಲ್ಲ.
ಎಂಜಿನ್ನಿನೊಳಗೆ ನಾನು ಕೇಳಿದ
ಅತಿ ಉದ್ದದ ಮೌನ ಅದು.

ನಿಮಿಷಕ್ಕೊಮ್ಮೆ ಗುಂಡಿ ಒತ್ತದಿದ್ದರೆ
ಡ್ರೈವರ್ ಸತ್ತನೆಂದೇ ತಿಳಿದು
ಯಂತ್ರ ತಾನೇ ಬ್ರೇಕು ಹಾಕುತ್ತದೆ.
ನಿದ್ದೆಯಲ್ಲೂ ನನ್ನ ಹೆಬ್ಬೆರಳು ಚಾಪೆ ಒತ್ತುತ್ತದಂತೆ.
"ಹೊಸತರಲ್ಲಿ ನಿನ್ನ ಅಪ್ಪನೂ
ನಿದ್ದೆಯಲ್ಲಿ ಗೇರು ಹಾಕುತ್ತಿದ್ದರು,
ನನ್ನ ಮೊಣಕೈ ಹಿಡಿದು" ಅಂದಳು ಅಮ್ಮ.

ಮೂರನೆಯ ಟ್ರಿಪ್ಪಿನಲ್ಲಿ, ಪಡುಬಿದ್ರಿ ದಾಟಿ,
ಹಳಿಯ ನಡುವೆ ಒಬ್ಬ ಹುಡುಗ.
ಕಿವಿಯಲ್ಲಿ ಇಯರ್‌ಫೋನು, ಕೈಯಲ್ಲಿ ಚಪ್ಪಲಿ.
ಹಾರ್ನು. ಹಾರ್ನು. ಹಾರ್ನು.
ರೆಬೆಲ್ಲೊ ಸರ್ ಕೈ ಆಗಲೇ ಬ್ರೇಕಿನ ಮೇಲಿತ್ತು.
ಹುಡುಗ ತಿರುಗಿದ, ಹಾರಿದ, ಪೊದೆಯೊಳಗೆ ಬಿದ್ದ.
ಅವನು ನಿಂತಿದ್ದ ಜಾಗ ದಾಟಿ
ಮುನ್ನೂರು ಮೀಟರಿನ ಆಚೆ
ಗಾಡಿ ಒಪ್ಪಿತು.
ಸರ್ ನೀರು ಕುಡಿದು ಬಾಟಲಿ ನನ್ನತ್ತ ಚಾಚಿದರು.
ತೆಗೆದುಕೊಳ್ಳಲು ಹೋದರೆ ಕೈ ಬರಲಿಲ್ಲ:
ಎರಡೂ ಕೈ, ಎದೆಯ ಮುಂದೆ,
ಇಲ್ಲದ ಚಕ್ರವೊಂದನ್ನು
ಬಲಕ್ಕೆ ಪೂರ್ತಿ ತಿರುಗಿಸಿ ಹಿಡಿದಿದ್ದವು.

ರಿಜಿಸ್ಟರಿನಲ್ಲಿ ಬರೆದುಕೊಡಬೇಕು:
ತೋಕೂರಿನಿಂದ ಉಡುಪಿಯವರೆಗೆ ಈ ದಾರಿ ನನಗೆ ಗೊತ್ತು.
ಪೆನ್ನು ತುಸು ಹೊತ್ತು ನಿಂತಿತು.
ಆ ಹುಡುಗ ನಿಂತಿದ್ದ ಕಂಬದ ನಂಬರ್ ಗೊತ್ತು.
ಸಹಿ ಹಾಕಿದೆ.

ಮೊನ್ನೆ ಇಂದ್ರಾಳಿಯಲ್ಲಿ ನಮ್ಮದು ನಿಲ್ಲದ ಗಾಡಿ.
ನಿಯಮದಂತೆ ಸ್ಟೇಷನ್ ಮಾಸ್ಟರಿಗೆ ಹಸಿರು ಬಾವುಟ ಹಿಡಿದೆ.
ಅವರಾಚೆ ಖಾಕಿ ಅಂಗಿಯಲ್ಲಿ ಅಪ್ಪ,
ಡ್ಯೂಟಿ ತಪ್ಪಿಸಿ.
"ನನಗೇ ತೋರಿಸಿದಳು" ಎಂದು
ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿದ್ದಾರಂತೆ.
ನಾನು ತಿದ್ದಲಿಲ್ಲ.
ಯಾಕೆಂದರೆ ಗಾಡಿ ದಾಟುವಾಗ
ಅವರು ಪ್ಲಾಟ್‌ಫಾರ್ಮಿನ ಕಂಬಕ್ಕೆ
ಅಂಗೈಯಿಂದ ಎರಡು ಸಲ ಬಡಿದದ್ದು ಕಂಡೆ,
ಕಂಡಕ್ಟರು ಬಸ್ಸಿನ ಮೈಗೆ ಬಡಿಯುವ ಹಾಗೆ.
ಸದ್ದು ಕೇಳಿಸಲಿಲ್ಲ.
ರೈಟ್, ಪೋಯಿ.