ನೀನೋ

ಗೇಟಿನ ಸಪ್ಪಳಕ್ಕ ಅವ್ವ ಒಳಗಿಂದನ
"ಯಾರವ್ವಾ?" ಅಂದಳು.
ಬೆನ್ನಮ್ಯಾಲ ಚೀಲ, ಬಿಸಿಲಿಗೆ ಕೆಂಪಾದ ಮೂಗು,
ಆಕಿ ತನ್ನ ಹೆಸರು ಹೇಳಿದಳು:
"ನೀನೋ."

"ನಾ ಅಲ್ಲವ್ವಾ, ನೀನು, ನಿನ್ನ ಹೆಸರು..."
ಅವ್ವ ಆಕೀ ಕಡೆ ಬಟ್ಟು ಮಾಡಿದಳು.
ಆಕಿ ಎದಿ ಮುಟ್ಟಿಕೊಂಡು ಮತ್ತ, "ನೀನೋ."
ನಮ್ಮ ಕಡೆ ಹಂಗ ಯಾರೂ ಅನ್ನೂದಿಲ್ಲ, ನೀನೇನ ಅಂತೀವಿ;
ನೀನೋ ಅನ್ನೂದು ಸಾಲಿ ಪುಸ್ತಕದಾಗಿನ ಮಾತು.
ಆದರೂ ಬಾಗಿಲದಾಗ ನಿಂತು ಯಾರರ ಹಂಗ ಕೇಳಿದರ
ಏನಂತ ಉತ್ತರ ಕೊಡೂದು?
"ಹೂಂ, ನಾವ," ಅಂದ ಅಪ್ಪ. "ಒಳಗ ಬಾ."

ಪರೀಕ್ಷಾ ಮುಂದಕ್ಕ ಹೋಗಿ ನೀಲಗಂಗಕ್ಕ ಅಲ್ಲೇ ಉಳದಿದ್ದಳು,
ಟಿಬಿಲಿಸಿಯ ಹಾಸ್ಟೆಲಿನಾಗ.
ಟಿಕೇಟು ಮೊದಲ ತಗಸಿದ್ದ ಗೆಳತಿ ಒಬ್ಬಾಕಿನ ಬಂದಳು
ನವನಗರದ ನಮ್ಮ ಸೆಕ್ಟರಿಗೆ,
ಅಕ್ಕ ಕಲಿಸಿದ ಒಂದ ಒಂದು ವಾಕ್ಯ ಬಾಯಾಗಿಟ್ಟುಕೊಂಡು.
ಹೊಟ್ಟಿ ತುಂಬಿದರ ಹಿಂಗ ಅನ್ನು ಅಂದಿದ್ದಳಂತ:
"ಇನ್ನಷ್ಟ ನೀಡ್ರಿ."

ನಾಕನೇ ರೊಟ್ಟಿಗೆ ಕೈ ಅಡ್ಡ ಹಿಡದು
"ಇನ್ನಷ್ಟ ನೀಡ್ರಿ, ಇನ್ನಷ್ಟ ನೀಡ್ರಿ" ಅಂತ ಗೋಗರದಾಗ
ಅವ್ವ ಐದನೇದು ಹಾಕಿ, ಮ್ಯಾಲ ಬೆಣ್ಣಿ ಇಟ್ಟು,
ಆಮ್ಯಾಲ ತಿಳದು, ಹಂಚಿನ ಮುಂದ ಕುಂತಲ್ಲೇ
ನಕ್ಕಳು, ನಕ್ಕಳು, ಸೆರಗಿಲೆ ಮಾರಿ ವರಸಿಕೊಂಡಳು.
ಎರಡು ವರ್ಷದ ಮ್ಯಾಲ ಆವತ್ತು
ಅಕ್ಕನ ಕಿಡಿಗೇಡಿತನ ಅಡಗಿಮನ್ಯಾಗ ಕೇಳಿಸಿತ್ತು.

ಆಕಿ ತಂದ ಸಿಹಿ ದಾರಕ್ಕ ಪೋಣಿಸಿದ್ದು, ಉದ್ದಕ, ಮೇಣಬತ್ತಿಯಂಥಾದ್ದು;
ಆಯಿ ಅದನ್ನ ಜಗಲಿಮ್ಯಾಲ ದೀಪದ ಮಗ್ಗಲಕ ಇಟ್ಟಳು.
ಇರಿವಿ ಸಾಲು ಹಿಡದ ಮ್ಯಾಲ ತಿಳೀತು, ತಿನ್ನೂದದು ಅಂತ.
ಅವರ ಮಾತಿನಾಗ ಮಾಮಾ ಅಂದರ ಅಪ್ಪ.
ಮೋಟರ್ ವೈಂಡಿಂಗ್ ಅಂಗಡಿ ಮುಚ್ಚಿ ಅಪ್ಪ ಬಂದ ಕೂಡಲೆ
"ಮಾಮಾ" ಅಂತ ಎದ್ದು ನಿಂತಳು.
ಅಪ್ಪ ಸೋದರಮಾವ ಆದೆ ಅಂದುಕೊಂಡು
ಮರುದಿನ ಗುಳೇದಗುಡ್ಡದ ಖಣ ತಂದ.

ರಾತ್ರಿ ಮಾಳಿಗಿ ಮ್ಯಾಲ ಹಾಸಿಗಿ. ಸೊಳ್ಳಿ, ಶೆಕಿ.
ಅಕ್ಕನ ದಿಂಬಿನ ಮ್ಯಾಲ ತಲಿ ಇಟ್ಟು ಕೇಳಿದಳು
(ಹರಕು ಇಂಗ್ಲಿಷಿನಾಗ ನಾವಿಬ್ಬರೂ ಸಮ ಸಮ):
ನಿಮ್ಮ ಆ ಮನಿ ಎಲ್ಲೈತಿ?
ಯಾವ ಮನಿ?
ಮೂರನೇ ಪಾವಟಿಗಿ ಒಡದದ್ದು,
ಬಾಗಿಲಕ್ಕ ಹಿತ್ತಾಳಿ ಕೊಂಡಿ, ಹಿತ್ತಲದಾಗ ಬೇವಿನ ಗಿಡ,
ಗ್ವಾಡಿ ಮಾಡದಾಗ ಗುಬ್ಬಿ.
ನಾ ಹುಟ್ಟಿದ್ದು ಸೆಕ್ಟರಿನಾಗ, ನಂಬರ ಇರೂ ಮನ್ಯಾಗ.
ಹಿನ್ನೀರಿನಾಗ ಹ್ವಾದ ಮನೀನ
ನನಗ ಯಾರೂ ಇಷ್ಟು ಸಾವಕಾಶ ತೋರಿಸಿರಲಿಲ್ಲ.
ಪರದೇಶದಾಕಿ ಗಾಳ್ಯಾಗ ಬಟ್ಟಿಲೆ ಗೆರಿ ಎಳದು ಹೇಳಿದಳು:
ಇಲ್ಲಿ ಒಲಿ.
ಇಲ್ಲಿ ನಿಮ್ಮ ಆಯಿ ಕೂಡತಿದ್ದಳು.
ಇಲ್ಲಿ ನೀನು ಇನ್ನೂ ಹುಟ್ಟಿಲ್ಲ.

ಮೇ ತಿಂಗಳು, ನೀರು ಹಿಂದ ಸರದಿತ್ತು.
ಸ್ಕೂಟರಿನ ಹಿಂದ ಕೂಡ್ರಿಸಿಕೊಂಡು ಅಪ್ಪ ಹಳೇ ಊರ ದಂಡಿಗೆ ಒಯ್ದ,
ಅವ್ವ ನಾನು ಆಟೋದಾಗ.
ಬಿರಿಬಿಟ್ಟ ರಾಡಿ, ಸಿಂಪಿ, ಬುನಾದಿ ಕಲ್ಲು.
ಅಪ್ಪ ಹೆಜ್ಜಿ ಎಣಿಸಿ ಒಂದ ಕಡೆ ನಿಂತ: ಇದ ಇರಬೇಕು.
ಎರಡ ಪಾವಟಿಗಿ ಇದ್ದವು.
ಮೂರನೇದು ರಾಡ್ಯಾಗೋ, ಅಕ್ಕನ ತಲ್ಯಾಗೋ.
ಆಕಿ ಚಪ್ಪಲಿ ಕಳದು ಕುಂತಳು.
"ಬೇವಿನ ಗಿಡ ಅಲ್ಲೇ ಹೌದಲ್ಲ?"
ಅವ್ವ ನೀರಿನ ಕಡೆ ನೋಡಿ
"ಹೂಂ, ಅಲ್ಲೇ" ಅಂದಳು.

ಗಿಡಾನ ಇರಲಿಲ್ಲ, ಹಿತ್ತಲ ಸೈತ ಇರಲಿಲ್ಲ ಅಂತ
ರಾತ್ರಿ ರೊಟ್ಟಿ ಬಡಿಯೂವಾಗ ನನಗೊಬ್ಬಾಕೀಗೆ ಹೇಳಿದಳು.
"ಇರಲಿ ಬಿಡು. ಅಷ್ಟು ದೂರ ಹ್ವಾದಾಕಿ
ನೆಳ್ಳ ಇಲ್ಲದ ಮನೀನ ಹೆಂಗ ಒಯ್ಯಬೇಕು?"

ಒಂಬತ್ತನೇ ದಿನ ಬಸ್ಸು ಹತ್ತಿದಳು.
ಈಗ ಗೇಟು ಕಿರ್ ಅಂದರ ಅವ್ವ
ಯಾರವ್ವಾ ಅನ್ನೂದಿಲ್ಲ; ಪುಸ್ತಕದ ಮಾತು ಬಂದೈತಿ ಆಕೀಗೆ.
"ನೀನೋ?"
ಹೊರಗ ಯಾರೋ ಗಲಿಬಿಲಿಯಾಗಿ,
"ನಾನ್ರೀ ಯವ್ವಾ... ಕರೆಂಟಿನ ಮೀಟರ್ ನೋಡಾಂವ."